ಮೂರು ಮೀಟರ್ ಗೋಡೆಯ ಮಹಾಸಮರ

ಎಲ್ಲ ಅಕ್ಷರಗಳಿಗೂ ಮೊದಲೇ ಇದ್ದು, ಎಲ್ಲ ಅಕ್ಷರಗಳಿಗೂ ಇಂಬು ಕೊಟ್ಟು, ಆದರೂ ಯಾವ ಗ್ರಾಹಕನಿಂದಲೂ ಒಂದು ದಿನದ ಮಟ್ಟಿಗಾದರೂ ಗೌರವ ಪಡೆಯದೆ, ಕಂಡವರೆಲ್ಲ 'ಇಲ್ಲಿ ಇನ್ನೇನಾದರೂ ಹಾಕಬಹುದಲ್ಲ' ಎಂದು ಬೆರಳು ತೋರಿಸುವ ಅವಮಾನವನ್ನು ಯುಗಯುಗಗಳಿಂದ ಸಹಿಸಿಕೊಂಡು ಬಂದಿರುವ ಶುಭ್ರವೂ ನಿರಾಕಾರವೂ ಆದ ಖಾಲಿ ಜಾಗವೇ, ನಿನಗೆ ಮೊದಲ ವಂದನೆ. ನಿನ್ನನ್ನು ಕಾಪಾಡಲೆಂದು ಖಡ್ಗವಿಲ್ಲದೆ, ಕವಚವಿಲ್ಲದೆ, ಒಂದು ಮೌಸ್ ಮತ್ತು ಒಂದು ಉಕ್ಕಿನ ಸ್ಕೇಲನ್ನು ಮಾತ್ರ ಹಿಡಿದು ಹೋರಾಡಿದವಳೊಬ್ಬಳ ಕಥೆಯನ್ನು ಹೇಳಹೊರಟಿದ್ದೇನೆ. ನನ್ನ ನಾಲಗೆ ತೊದಲದಂತೆಯೂ ಅಗತ್ಯಕ್ಕಿಂತ ಹೆಚ್ಚು ಹೇಳದಂತೆಯೂ ನೋಡಿಕೋ. ಎರಡನೆಯದು ನನಗೆ ಕಷ್ಟವೆಂಬುದು ಈಗಾಗಲೇ ನಿನಗೆ ತಿಳಿದಿರಬೇಕು.

ಅದು ಅದೃಶ್ಯ ಸರಕಿನ ಯುಗ. ಹಿಂದಿನ ಯುಗಗಳಲ್ಲಿ ವ್ಯಾಪಾರಿಯಾದವನು ಅಕ್ಕಿಯನ್ನು ಅಂಗೈಯಲ್ಲಿಟ್ಟು ತೋರಿಸುತ್ತಿದ್ದನು, ಬಟ್ಟೆಯನ್ನು ಮೊಣಕಾಲಿನ ಮೇಲೆ ಹರಡಿ ತೋರಿಸುತ್ತಿದ್ದನು, ಮಡಕೆಯನ್ನು ಬೆರಳಿನಿಂದ ತಟ್ಟಿ ಅದರ ದನಿಯನ್ನು ಕೇಳಿಸುತ್ತಿದ್ದನು. ಈ ಯುಗದಲ್ಲಿಯೋ, ಕಣ್ಣಿಗೆ ಕಾಣದ, ಕೈಗೆ ಸಿಗದ, ಬಿದ್ದರೂ ಸದ್ದಾಗದ ಸಾಫ್ಟ್‌ವೇರ್ ಎಂಬ ವಸ್ತುವನ್ನು ತಯಾರಿಸುವ ಕಂಪನಿಗಳು ವರ್ಷಕ್ಕೊಮ್ಮೆ ವಿಶಾಲ ಸಭಾಂಗಣಗಳಲ್ಲಿ ನಡೆಯುವ ವ್ಯಾಪಾರ ಮೇಳಗಳಿಗೆ ಹೋಗಿ, ಮೂರು ಮೀಟರ್ ಅಗಲ ಮೂರು ಮೀಟರ್ ಆಳದ ಸ್ಟಾಲುಗಳಲ್ಲಿ ಇಸ್ತ್ರಿಯಾದ ಅಂಗಿ ತೊಟ್ಟು ನಿಲ್ಲುತ್ತಿದ್ದವು. ತೋರಿಸಲು ಏನೂ ಇಲ್ಲದವರಿಗೆ ಹಿಂದಿನ ಗೋಡೆಯೇ ಗತಿ. ಅದರ ಮೇಲೆ ಏನು ಬರೆದಿದೆಯೋ ಅದೇ ಅವರ ಅಕ್ಕಿ, ಅದೇ ಬಟ್ಟೆ, ಅದೇ ಮಡಕೆಯ ದನಿ.

ಅಂಥ ಗೋಡೆಗಳನ್ನು ರೂಪಿಸುವುದರಲ್ಲಿ ಎಣೆಯಿಲ್ಲದವಳೆಂದು ಹೆಸರಾದ, ವರ್ಣಸಮರಸಾಹಸಿಯೂ ಅಂಚುರೇಖಾನಿಪುಣೆಯೂ ಧಾರವಾಡಸಂಭೂತೆಯೂ ಆದ ಮಂದಾಕಿನಿ ಹೆಬ್ಬಳ್ಳಿಯು ಬೆಂಗಳೂರಿನ ಯಶವಂತಪುರದಲ್ಲಿ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಂದೇ ಕೋಣೆಯ ಸ್ಟುಡಿಯೊದಲ್ಲಿ ವಾಸ್ತವ್ಯ ಹೂಡಿದ್ದಳು. ನಲವತ್ತೊಂದು ವಯಸ್ಸು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಭ್ಯಾಸವೊಂದನ್ನು ಬಿಟ್ಟರೆ ಆಕೆಯಲ್ಲಿ ದೋಷವೆನ್ನಬಹುದಾದದ್ದು ಕಡಿಮೆ. ಆಕೆಗೊಂದು ವ್ರತವಿತ್ತು. ಹದಿನಾರು ವರ್ಷಗಳ ಹಿಂದೆ, ತನ್ನ ಮೊದಲ ಗೋಡೆಯ ಮೇಲೆ ಕಂಪನಿಯವರು ಕೇಳಿದಂತೆ ಇನ್ನೂರಕ್ಕೂ ಹೆಚ್ಚು ಪದಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಮೇಳದ ದಿನ ಅದರ ಎದುರಿನಲ್ಲೇ ನಿಂತು ನೋಡಿದ್ದಳು. ಬೆಳಗಿನಿಂದ ಸಂಜೆಯವರೆಗೆ ಆ ಗೋಡೆಯ ಹತ್ತಿರ ಬಂದವನು ಒಬ್ಬನೇ. ಅವನೂ ಅದಕ್ಕೆ ಒರಗಿ ನಿಂತು ಶೂ ಲೇಸು ಕಟ್ಟಿಕೊಂಡು ಹೋದನು. ಅಂದೇ ಮಂದಾಕಿನಿ ಪ್ರತಿಜ್ಞೆ ಮಾಡಿದಳು: ಇನ್ನು ಮುಂದೆ ತನ್ನ ಕೈಯಿಂದಾಗುವ ಯಾವ ಗೋಡೆಯ ಮೇಲೂ ಏಳು ಪದಗಳಿಗಿಂತ ಹೆಚ್ಚು ಇರತಕ್ಕದ್ದಲ್ಲ.

ಈ ಸಪ್ತಪದವ್ರತವನ್ನು ಮುರಿಯಲೆಂದು ಒಂದು ಬುಧವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದವನೇ ತೇಜಪಾಲ ಬಂಗೇರ.

ಮಂಗಳೂರಿನ ಕಡಲಗಾಳಿಯಲ್ಲಿ ಬೆಳೆದವನೂ, ಎದುರಾಳಿಯ ಸಿಟ್ಟನ್ನು ಬರಿಯ ಮುಗುಳ್ನಗೆಯಿಂದ ದಣಿಸಬಲ್ಲವನೂ, ಲ್ಯಾಪ್‌ಟಾಪನ್ನು ಗುರಾಣಿಯಂತೆ ಎದೆಗೆ ಅವಚಿಕೊಂಡೇ ನಡೆಯುವವನೂ ಆದ ಈತ ಉಗ್ರಾಣಿಕ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥ. ಆ ವಿಭಾಗದಲ್ಲಿ ಆತನೊಬ್ಬನೇ ಇದ್ದುದರಿಂದ ಈ ಪದವಿಗೆ ಸ್ಪರ್ಧೆ ಇರಲಿಲ್ಲ. ಗೋಡೌನ್‌ಗಳಲ್ಲಿ ಯಾವ ಮಾಲು ಯಾವ ಮೂಲೆಯಲ್ಲಿದೆ, ಎಷ್ಟಿದೆ, ಎಂದು ಬಂತು ಎಂಬುದನ್ನು ತಿಳಿಸುವ ಸಾಫ್ಟ್‌ವೇರ್ ಅವರದು. ಗೋಡೌನ್ ಮಾಲೀಕರೂ ಲಾರಿ ಮಾಲೀಕರೂ ಸೇರುವ ಮೇಳವೊಂದು ಮೂರು ವಾರಗಳಲ್ಲಿ ಬೆಂಗಳೂರಿನಲ್ಲೇ ನಡೆಯುವುದಿತ್ತು.

ಅದಕ್ಕೆ ಬೇಕಾದ ಗೋಡೆಯ ಕೆಲಸವನ್ನು ಆಗಲೇ ಒಪ್ಪಿಕೊಂಡಿದ್ದ ಮಂದಾಕಿನಿ ತನ್ನ ಮೊದಲ ಕರಡನ್ನು ತೆರೆಯ ಮೇಲೆ ತೋರಿಸಿದಳು. ಮಾಗಿದ ಭತ್ತದ ಬಣ್ಣದ ವಿಸ್ತಾರವಾದ ಗೋಡೆ. ಅದರ ನಡುವೆ, ಒಂದೊಂದು ಅಕ್ಷರವೂ ಮೊಣಕೈ ಉದ್ದದ ದಪ್ಪ ಕನ್ನಡದಲ್ಲಿ, ನಾಲ್ಕೇ ಪದ: ನಿಮ್ಮ ಮಾಲು ಈಗ ಎಲ್ಲಿದೆ? ಮೂಲೆಯಲ್ಲಿ ಕಂಪನಿಯ ಲೋಗೋ. ಉಳಿದದ್ದೆಲ್ಲ ಖಾಲಿ.

ಬಂಗೇರ ಬಹಳ ಹೊತ್ತು ನೋಡಿದನು.

"ಚಂದ ಉಂಟು ಮೇಡಂ. ಉಳಿದದ್ದು ಎಲ್ಲಿ ಉಂಟು?"

"ಯಾವ ಉಳಿದದ್ದು?"

"ಮೂವತ್ತೇಳು ಅಂಶ ಕಳಿಸಿದ್ದೆ ಅಲ್ವಾ ಮಾರಾಯ್ರೆ. ನಮ್ಮ ಸಾಫ್ಟ್‌ವೇರ್ ಏನೆಲ್ಲ ಮಾಡ್ತದೆ ಅಂತ."

"ಮೂವತ್ತೇಳನ್ನ ನಿಂತು ಯಾರು ಓದ್ತಾರ್ರೀ?"

"ಓದದಿದ್ರೆ ಪರವಾಗಿಲ್ಲ. ಇರ್ಬೇಕು."

ಇರಬೇಕು ಎಂಬ ಈ ಏಕಪದಾಸ್ತ್ರವು ಎಂಥೆಂಥ ವಿನ್ಯಾಸಕರನ್ನು ನೆಲಕ್ಕೆ ಕೆಡವಿದೆಯೆಂಬುದನ್ನು ಬಲ್ಲವರೇ ಬಲ್ಲರು. ಅದಕ್ಕೆ ತರ್ಕದ ಆಧಾರ ಬೇಕಿಲ್ಲವಾದ್ದರಿಂದ ತರ್ಕದಿಂದ ಅದನ್ನು ತಡೆಯಲೂ ಆಗುವುದಿಲ್ಲ. ಮಂದಾಕಿನಿಯು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಸಿಂಹಿಣಿಯು ಗುಹಾದ್ವಾರದಲ್ಲಿ ನಿಲ್ಲುವಂತೆ ಎದ್ದು ನಿಂತು ಹೀಗೆಂದಳು:

"ಬಂಗೇರ ಅವರ, ಕೇಳ್ರಿ. ಹದಿನಾರು ವರ್ಷದಾಗ ನಾ ಎರಡುನೂರಾ ಹನ್ನೆರಡು ಗ್ವಾಡಿ ಮಾಡೀನಿ. ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡೋರದ್ದು, ದವಾಖಾನಿಗೆ ಮಾಡೋರದ್ದು, ಏನ್ ಮಾಡ್ತೀವಿ ಅಂತ ತಮಗ ಗೊತ್ತಿಲ್ಲದೋರದ್ದು ಸುದ್ದಾ ಮಾಡೀನಿ. ನನ್ನ ಗ್ವಾಡಿ ಮುಂದ ಮಂದಿ ನಿಂತಾರ. ಸುಮ್ಮ ನಿಂತಿಲ್ಲ, ಒಳಗ ಬಂದು ಬಾಯಿ ತಗದು ಕೇಳ್ಯಾರ. ನಡಕೋಂತ ಹೋಗೋ ಮನಷ್ಯಾ ನಿಮಗ ಕೊಡೋದು ಮೂರು ಸೆಕೆಂಡು. ಅಷ್ಟರಾಗ ಮೂವತ್ತೇಳು ಸಾಲು ತೋರಿಸಿದ್ರ ಅದು ಗ್ವಾಡಿ ಆಗಂಗಿಲ್ಲ, ವೋಟರ್ ಲಿಸ್ಟ್ ಆಗ್ತದ."

ಈ ಗರ್ಜನೆಯನ್ನು ಕೇಳಿ ಬೇರೆಯವನಾಗಿದ್ದರೆ ಮೆಟ್ಟಿಲಿಳಿಯುತ್ತಿದ್ದನು. ಬಂಗೇರನಾದರೋ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟನು, ಅಂದರೆ ಗುರಾಣಿಯನ್ನು ಕೆಳಗಿಳಿಸಿದನು, ಮತ್ತು ನಗುವುದನ್ನು ನಿಲ್ಲಿಸಿದನು.

"ನೀವು ಗೋಡೆ ಮಾಡಿ ಕೊಡ್ತೀರಿ. ನಾನು ನಾಳೆ ಪುನಃ ಅದೇ ಆಫೀಸಿಗೆ ಹೋಗ್ಬೇಕು. ಅಲ್ಲಿ ಹದಿನಾಲ್ಕು ಜನ ಎಂಜಿನಿಯರ್‌ಗಳು ಇದ್ದಾರೆ. ಅವರಲ್ಲಿ ಒಬ್ಬಳು, ಶಾಲ್ಮಲಿ ಅಂತ, ಔಷಧಿಯ ಎಕ್ಸ್‌ಪೈರಿ ಹತ್ತಿರ ಬಂದ್ರೆ ಮೊದಲೇ ಹೇಳುವ ಹಾಗೆ ಮಾಡ್ಲಿಕ್ಕೆ ಎಂಟು ತಿಂಗಳು ಕೂತಿದ್ದಾಳೆ. ಹೋದ ವರ್ಷ ಗೋಡೆಯಲ್ಲಿ ಅವಳದ್ದು ಬಿಟ್ಟು ಹೋಯ್ತು. ಅವಳು ಏನೂ ಹೇಳ್ಲಿಲ್ಲ. ನನ್ನ ಟೇಬಲ್ ಹತ್ರ ಬರುವುದು ಬಿಟ್ಲು, ಅಷ್ಟೆ. ಈ ಸಲ ಒಬ್ಬೊಬ್ಬರದ್ದೂ ಗೋಡೆಯಲ್ಲಿ ಇರ್ತದೆ ಅಂತ ಮಾತು ಕೊಟ್ಟಿದ್ದೇನೆ."

ಹೀಗೆ, ವ್ರತವೊಂದು ವಚನವೊಂದನ್ನು ಎದುರಿಸಿ ನಿಂತಿತು. ಇಬ್ಬರಲ್ಲಿ ಒಬ್ಬರು ಮೂರ್ಖರಾಗಿದ್ದರೆ ಯುದ್ಧ ಅಂದೇ ಮುಗಿಯುತ್ತಿತ್ತು. ಹಾಗಾಗದ ಕಾರಣ ಅದು ಹದಿಮೂರು ದಿನ ನಡೆಯಿತು.

ಆ ಹದಿಮೂರು ದಿನಗಳಲ್ಲಿ ಯಶವಂತಪುರದಿಂದ ಉಗ್ರಾಣಿಕದ ಕಚೇರಿಯಿದ್ದ ಜಾಲಹಳ್ಳಿಗೆ ಹಾರಿದ ಕರಡುಗಳೆಷ್ಟು, ಜಾಲಹಳ್ಳಿಯಿಂದ ಯಶವಂತಪುರಕ್ಕೆ ಮರಳಿ ಹಾರಿಬಂದ ತಿದ್ದುಪಡಿಗಳೆಷ್ಟು ಎಂಬುದನ್ನು ವರ್ಣಿಸಲು ನಾಲಗೆ ಒಂದು ಸಾಲದು. ಬಂಗೇರನು ಮೂವತ್ತೇಳು ಸಾಲುಗಳನ್ನು ಮೇಲಿನಿಂದ ತೂರಿದರೆ ಮಂದಾಕಿನಿ ಅವನ್ನು ಕೆಳಗಿನಿಂದ ಅಳಿಸಿದಳು. ಅವನು ಅವುಗಳನ್ನು ಸಣ್ಣಕ್ಷರದಲ್ಲಾದರೂ ಎಡಭಾಗದಲ್ಲಿ ಹಾಕಿ ಎಂದನು. ಎಡಭಾಗದಲ್ಲಿ ಕುರ್ಚಿ ಬರುತ್ತದೆ ಎಂದಳು ಅವಳು. ಬಲಭಾಗದಲ್ಲಿ ಎಂದನು, ಅಲ್ಲಿ ಟಿ.ವಿ. ಬರುತ್ತದೆ ಎಂದಳು. ವೃತ್ತಾಕಾರದಲ್ಲಿ, ಸುರುಳಿಯಾಗಿ, ಒಂದು ಸಲ ಮರದ ಎಲೆಗಳ ಮೇಲೂ ಹಾಕಬಹುದೆಂದು ಸೂಚಿಸಿದನು. ಆ ಮರವನ್ನು ಅವನೇ ಬರೆದು ಕಳುಹಿಸಿದ್ದನು. ಅದು ಹೂಕೋಸಿನಂತಿತ್ತು. ಮಂದಾಕಿನಿಯು ಅದನ್ನು ನೋಡಿ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲವೆಂದು ಹೇಳುವವರುಂಟು; ತಡವಾಗಿ ಮಾಡಿದಳೆಂಬುದು ಹೆಚ್ಚು ನಂಬಲರ್ಹವಾದ ಪಾಠ.

ಹದಿಮೂರನೆಯ ದಿನ ಆಕೆ ದ್ವಂದ್ವಯುದ್ಧಕ್ಕೆ ಆಹ್ವಾನವಿತ್ತಳು. ಸ್ಟುಡಿಯೊದ ಹೊರಗಿನ ಪಡಸಾಲೆಯ ಗೋಡೆಗೆ ಬಂಗೇರನ ಮೂವತ್ತೇಳು ಸಾಲುಗಳ ಕರಡನ್ನು ದೊಡ್ಡ ಕಾಗದದಲ್ಲಿ ಅಂಟಿಸಿ, ಅದರ ಮುಂದೆ ನಡೆದುಹೋಗಬೇಕೆಂದೂ, ಏನು ಓದಿದೆನೆಂದು ಹೇಳಬೇಕೆಂದೂ ಅವನಿಗೇ ಪಂಥ ಕೊಟ್ಟಳು. ಬಂಗೇರನು ಪಡಸಾಲೆಗೆ ಇಳಿದು, ಕಾಗದದ ಮುಂದೆ ಹೋಗಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಮೂವತ್ತೇಳನ್ನೂ ಓದಿ ಮುಗಿಸಿದನು.

"ಎಲ್ಲಾ ಓದಿದೆ."

"ನಿಂತು ಓದಿದ್ರಿ."

"ಆಸಕ್ತಿ ಇದ್ದವ ನಿಲ್ತಾನೆ ಮೇಡಂ."

ಇಂಥ ಯುದ್ಧದಲ್ಲಿ ಪಕ್ಷಪಾತವಿಲ್ಲದ ಮೂರನೆಯವನೊಬ್ಬನು ಬೇಕೆಂದು ಇಬ್ಬರಿಗೂ ಹೊಳೆಯಿತು. ಕೆಳಗಿನ ಟೈರ್ ಅಂಗಡಿಯ ಮಾಲೀಕನೂ, ಚಕ್ರವ್ಯಾಪಾರದಲ್ಲಿ ಮೂವತ್ತು ವರ್ಷ ಸವೆಸಿದವನೂ, ಸಾಫ್ಟ್‌ವೇರಿನ ಗಾಳಿ ಸೋಕದವನೂ ಆದ ಪಿಳ್ಳಪ್ಪನನ್ನು ಕರೆಸಲಾಯಿತು.

"ನಡೀಬೇಕಾ? ಅಷ್ಟೇನಾ ಮೇಡಂ?" ಎಂದು ಕೇಳಿ, ಪಿಳ್ಳಪ್ಪನು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಗಂಭೀರವಾಗಿ ನಡೆದನು.

"ಏನ್ ಓದಿದ್ರಿ?"

"ನೀಲಿ ಬಣ್ಣ ಐತೆ. ಆಸ್ಪತ್ರೆದಾ?"

ಮಂದಾಕಿನಿ ಆ ಕಾಗದವನ್ನು ತೆಗೆದು ತನ್ನ ನಾಲ್ಕು ಪದಗಳ ಕಾಗದವನ್ನು ಅಂಟಿಸಿದಳು. ಪಿಳ್ಳಪ್ಪನು ಆ ತುದಿಯಿಂದ ಈ ತುದಿಗೆ ನಡೆಯುತ್ತ ಬಂದವನು ನಡುದಾರಿಯಲ್ಲಿ ಗಕ್ಕನೆ ನಿಂತನು. ಅವನ ಹುಬ್ಬುಗಳು ಕೂಡಿದವು.

"ಯಾಕೆ, ನನ್ ಮಾಲಿಗೇನಾಯ್ತು?" ಎಂದವನೇ, ಉತ್ತರಕ್ಕೆ ಕಾಯದೆ, ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದನು. ಐದು ನಿಮಿಷಗಳ ನಂತರ ಮೇಲೆ ಬಂದು, ಎಲ್ಲ ಟೈರುಗಳೂ ಇವೆ, ಎರಡು ಸಲ ಎಣಿಸಿದೆ ಎಂದು ತಿಳಿಸಿ, ಇನ್ನು ಇಂಥ ಮಾತು ಗೋಡೆಗೆ ಅಂಟಿಸಬೇಡಿ ಎಂದು ಬೇಡಿಕೊಂಡು ಹೋದನು.

ಬಂಗೇರನು ಸೋತನು. ಸೋತದ್ದನ್ನು ಒಪ್ಪಿಕೊಂಡನು ಕೂಡ. ಆದರೆ ಸೋತವನ ವಚನವು ಸೋಲಿನಿಂದ ಇಲ್ಲವಾಗುವುದಿಲ್ಲ. ಮೆಟ್ಟಿಲಿನ ಮೇಲೆ ಕುಳಿತು, "ಇನ್ನು ಶಾಲ್ಮಲಿ ಹತ್ರ ಏನು ಹೇಳುವುದು?" ಎಂದನು. ಆ ಮಾತನ್ನು ಅವನು ಮಂದಾಕಿನಿಗೆ ಹೇಳಲಿಲ್ಲ. ಆದರೂ ಮಂದಾಕಿನಿಗೆ ಅದು ಕೇಳಿಸಿತು, ಮತ್ತು ಗೆದ್ದವಳಿಗೆ ಇರಬೇಕಾದ ಹಿಗ್ಗು ಆಕೆಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಮರುದಿನ ರಾಜನೇ ಬಂದನು. ಉಗ್ರಾಣಿಕದ ಸ್ಥಾಪಕರಾದ ಲಿಂಗರಾಜೇ ಅರಸ್ ಅವರು ಹೆಸರಿನಲ್ಲಿ ಅರಸರು, ನಡೆಯಲ್ಲಿ ಗೋಡೌನ್ ಮೇಸ್ತ್ರಿ. ಮೈಸೂರಿನ ಔಷಧ ವಿತರಕರೊಬ್ಬರ ಗೋಡೌನನ್ನು ಹತ್ತೊಂಬತ್ತು ವರ್ಷ ನೋಡಿಕೊಂಡು, ಐವತ್ತರ ನಂತರ ಈ ಕಂಪನಿಯನ್ನು ಕಟ್ಟಿದವರು. ಜೇಬಿನಲ್ಲಿ ಈಗಲೂ ಅಳತೆ ಟೇಪು. ಅವರು ನಾಲ್ಕು ಪದಗಳ ಮುಂದೆ ನಿಂತು, ಬಂಗೇರನ ಕಡೆಗಾಗಲಿ ಮಂದಾಕಿನಿಯ ಕಡೆಗಾಗಲಿ ತಿರುಗದೆ, ಗೋಡೆಗೇ ಹೇಳುವವರಂತೆ ಹೇಳಿದರು:

"ನಮ್ಮ ಗೋಡೌನಲ್ಲಿ ಒಂದ್ಸಲ ನಲವತ್ತು ಪೆಟ್ಟಿಗೆ ಮಕ್ಕಳ ಔಷಧಿ ಕಳೆದುಹೋಯ್ತು. ಕಳ್ಳತನ ಅಂದ್ರು. ಒಬ್ಬ ಹಮಾಲನ್ನ ಕೆಲಸದಿಂದ ತೆಗೆದ್ರು. ನಾನೇ ಸಹಿ ಹಾಕ್ದೆ. ಎರಡು ವರ್ಷ ಆದ್ಮೇಲೆ ಸುಣ್ಣ ಹೊಡೆಯೋಕೆ ಅಂತ ರ‍್ಯಾಕ್ ಸರಿಸಿದ್ರೆ ಹಿಂದೆ ನಲವತ್ತೂ ಇದ್ವು. ಎಲ್ಲಾ ಎಕ್ಸ್‌ಪೈರಿ ಆಗಿದ್ವು. ಆ ಮನುಷ್ಯನ್ನ ಹುಡುಕಿಕೊಂಡು ಹೋದೆ. ಊರು ಬಿಟ್ಟಿದ್ದ." ಜೇಬಿನ ಟೇಪನ್ನು ಕಾಗದದ ಮೇಲೆ ಒಮ್ಮೆ ಎಳೆದು ನೋಡಿ, "ಇದೇ ಇರಲಿ. ನಾಲ್ಕೇ ಸಾಕು" ಎಂದರು.

ಮಂದಾಕಿನಿಯು ತಲೆ ತಗ್ಗಿಸಿದಳು. ಹದಿನಾರು ವರ್ಷಗಳಲ್ಲಿ ತನ್ನ ಗೋಡೆಯೊಂದು ಒಬ್ಬ ಮನುಷ್ಯನಿಗೆ ಇಷ್ಟು ನಿಜವಾಗಿ ತಾಗಿದ್ದು ಆಕೆಗೆ ನೆನಪಿರಲಿಲ್ಲ. ಅಷ್ಟರಲ್ಲಿ ಅರಸರು ಗಂಟಲು ಸರಿಪಡಿಸಿಕೊಂಡರು.

"ಆಮೇಲೆ, ಲೋಗೋ ಸ್ವಲ್ಪ ದೊಡ್ಡದು ಮಾಡೋಕಾಗುತ್ತಾಮ್ಮ?"

ದಿಗ್ಗಜಗಳು ಕಂಪಿಸಿದವೆಂದು ಹೇಳುವುದು ಇಲ್ಲಿ ಪದ್ಧತಿ. ಅಂಥದ್ದೇನೂ ಆಗಲಿಲ್ಲ. ಕೆಳಗೆ ಪಿಳ್ಳಪ್ಪನ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು, ಅಷ್ಟೆ. ಆದರೆ ಭೂಮಿಯ ಮೇಲೆ ವಿನ್ಯಾಸಕರು ಹುಟ್ಟಿದಂದಿನಿಂದ ಪ್ರತಿಯೊಬ್ಬರೂ ಕೇಳಿರುವ, ಕೇಳಿದೊಡನೆ ಪ್ರತಿಯೊಬ್ಬರ ಬಲಗಣ್ಣು ಅದುರುವ ಆ ವಾಕ್ಯವನ್ನು ಕೇಳಿ ಮಂದಾಕಿನಿಯ ಭಕ್ತಿಯೆಲ್ಲ ಒಂದು ಕ್ಷಣದಲ್ಲಿ ಆವಿಯಾಯಿತು. "ಮಾಡ್ತೀನ್ರೀ" ಎಂದು ಶಾಂತವಾಗಿ ಹೇಳಿ, ಅವರನ್ನು ಕಳುಹಿಸಿಕೊಟ್ಟಳು.

ಈಗ ನಾಯಕಿಯ ಪತನವನ್ನು ಹೇಳಬೇಕಾಗಿ ಬಂದಿದೆ. ಮರೆಮಾಚಿದರೆ ಕಥೆಗೆ ಮೋಸ. ಮಂದಾಕಿನಿಯು ಲೋಗೋವನ್ನು ದೊಡ್ಡದು ಮಾಡಲಿಲ್ಲ. ಹಳೆಯ ಕರಡಿಗೇ ಹೊಸ ಹೆಸರಿಟ್ಟು, ಪಡಸಾಲೆಯಲ್ಲಿ ಅಂಟಿಸಿದ್ದಂತೆಯೇ ಗೋಡೆಯ ಐದನೇ ಒಂದು ಅಳತೆಯ ಕಾಗದದಲ್ಲಿ ಮುದ್ರಿಸಿ, ಹಿಗ್ಗಿಸಿದ್ದೇನೆಂದು ಚೀಟಿ ಬರೆದು ಜಾಲಹಳ್ಳಿಗೆ ಕಳುಹಿಸಿದಳು. ಈ ಮಾಯಾಯುದ್ಧವು ಅದಕ್ಕೆ ಮೊದಲು ಅನೇಕ ರಾಜರ ಮೇಲೆ ಫಲಿಸಿತ್ತು. ಅವರೆಲ್ಲ 'ಈಗ ಸರಿಯಾಯಿತು' ಎಂದು ಹೊಗಳಿ ಪತ್ರ ಬರೆದಿದ್ದರು.

ಒಂದು ಗಂಟೆಯ ನಂತರ ಅರಸರ ಫೋನ್ ಬಂತು.

"ಹೋದ್ಸಲ ಎಂಟು ಸೆಂಟಿಮೀಟರ್ ಇತ್ತು. ಈಗಲೂ ಎಂಟೇ ಇದೆಯಲ್ಲಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ. ಟೇಪು ಒಳಗೆ ಸರಿದುಕೊಳ್ಳುವ ಸರ್ರೆಂಬ ಸದ್ದು ಮಾತ್ರ ಕೇಳಿತು. "ತಪ್ಪು ಫೈಲು ಬಂತೇನೋ."

"ಹೌದ್ರೀ," ಎಂದಳು ಮಂದಾಕಿನಿ. "ತಪ್ಪು ಫೈಲು."

"ಲೋಗೋ ನಮ್ಮನೆಯವರು ಬರೆದಿದ್ದು. ಡ್ರಾಯಿಂಗ್ ಟೀಚರು. ಮೇಳಕ್ಕೆ ಬರ್ತಾರೆ, ಆದ್ರೆ ಮಂಡಿನೋವು, ಒಳಗೆ ಅಷ್ಟು ದೂರ ನಡೆಯೋಕಾಗಲ್ಲ. ಬಾಗಿಲ ಹತ್ರ ಬೆಂಚ್ ಮೇಲೆ ಕೂತ್ಕೋತಾರೆ. ಅಲ್ಲಿಂದ ಕಾಣಲಿ ಅಂತ."

ಮಂದಾಕಿನಿ ಫೋನಿಟ್ಟು, ಲೋಗೋವನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಹಗ್ಗದಿಂದ ಬಿಗಿದ ಮೂಟೆ, ಅದರ ಮೇಲೊಂದು ಗುಬ್ಬಿ. ಇಷ್ಟು ದಿನ ಆ ಗುಬ್ಬಿಯನ್ನು ಆಕೆ ಮೂಟೆಯ ಗಂಟೆಂದು ತಿಳಿದಿದ್ದಳು. ನಿಜವಾದ ಗೋಡೆಯ ಮೇಲೆ ನಲವತ್ತು ಸೆಂಟಿಮೀಟರ್ ಬರಬೇಕಿದ್ದದ್ದನ್ನು ಎಪ್ಪತ್ತಕ್ಕೆ ಏರಿಸಿದಳು. ಗೋಡೆಯು ಮೊದಲಿಗಿಂತ ಚೆನ್ನಾಗಿ ಕಂಡಿತು. ಈ ಸಂಗತಿಯನ್ನು ಆಕೆ ಇಂದಿಗೂ ಯಾರ ಮುಂದೆಯೂ ಹೇಳಿಲ್ಲ.

ಅದೇ ಮಧ್ಯಾಹ್ನ, ಪ್ರಾಯಶಃ ಆ ನಾಚಿಕೆಯ ಬಿಸಿಯಲ್ಲಿಯೇ, ಆಕೆಗೆ ಇನ್ನೊಂದು ಹೊಳೆಯಿತು. ಸ್ಟಾಲಿನ ಒಂದು ಮೂಲೆಯಲ್ಲಿ, ಕಂಪನಿಯವರು ತಮ್ಮ ಚೀಲ, ನೀರಿನ ಬಾಟಲಿ, ಊಟದ ಡಬ್ಬಿಗಳನ್ನು ಇಟ್ಟುಕೊಳ್ಳಲೆಂದು ಬಾಗಿಲಿರುವ ಒಂದು ಪುಟ್ಟ ಕೋಣೆಯಿರುತ್ತದೆ. ಹೊರಗಿನವರಿಗೆ ಅದು ಕಾಣುವುದಿಲ್ಲ. ಅದರೊಳಗೂ ಗೋಡೆಯಿದೆ. ಬಂಗೇರನಿಗೆ ಫೋನ್ ಮಾಡಿದಳು.

"ಗ್ವಾಡಿ ಮ್ಯಾಲೆ ಇರ್ತದ ಅಂತ ಮಾತು ಕೊಟ್ಟೀರಿ. ಯಾವ ಗ್ವಾಡಿ ಅಂತ ಹೇಳೀರೇನು?"

ಆ ಕಡೆ ಲ್ಯಾಪ್‌ಟಾಪು ಮುಚ್ಚಿದ ಸದ್ದಾಯಿತು. ಆಮೇಲೆ, "ಇಲ್ಲ ಮಾರಾಯ್ರೆ. ಹೇಳ್ಲಿಲ್ಲ," ಎಂದನು ಬಂಗೇರ. "ಆದ್ರೆ ಅದು ಚಂದ ಇರ್ಬೇಕು. ಮೂಲೆಗೆ ಹಾಕಿದ ಹಾಗೆ ಇರ್ಬಾರದು."

"ಮೂವತ್ತೇಳಕ್ಕೂ ಮುಂದ ಮಾಡಿದವರ ಹೆಸರು ಕಳಸ್ರಿ."

ಹೊರಗೆ ಕಾಣುವ ಮಹಾಗೋಡೆಯ ನಾಲ್ಕು ಪದಗಳನ್ನು ಮಂದಾಕಿನಿ ಅರ್ಧ ದಿನದಲ್ಲಿ ಜೋಡಿಸಿದ್ದಳು. ಯಾರೂ ನೋಡದ ಆ ಒಳಗೋಡೆಗೆ ಎರಡು ಪೂರ್ತಿ ದಿನ ಹಿಡಿಯಿತು. ಸಾಲು ಸಾಲಿನ ನಡುವೆ ಅಂತರ, ಹೆಸರು ಹೆಸರಿನ ಮುಂದೆ ಚುಕ್ಕೆ, ಎಲ್ಲವೂ ಕೂದಲೆಳೆಯಷ್ಟು ನಿಖರ. ಸಪ್ತಪದವ್ರತವು ಒಳಗೋಡೆಗಳಿಗೆ ಅನ್ವಯಿಸುವುದಿಲ್ಲವೆಂದು ಆಕೆ ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡಳು.

ಇಪ್ಪತ್ಮೂರನೆಯ ಕರಡು ಪೀಣ್ಯದಲ್ಲಿರುವ ಮುದ್ರಣಾಲಯಕ್ಕೆ ಹೋಯಿತು. ಅಲ್ಲಿಯ ಯಂತ್ರವು ಎಂಟು ಆಳುದ್ದವಿದ್ದು, ಸಾವಿರ ಸೂಜಿಬಾಯಿಗಳಿಂದ ನಾಲ್ಕು ಬಣ್ಣಗಳನ್ನು ಉಗುಳುತ್ತ, ಘೀಳಿಡುತ್ತ, ಬಟ್ಟೆಯನ್ನು ಇಂಚಿಂಚಾಗಿ ಹೊರಹಾಕುವಂಥದು. ಅದರ ಮಾವುತನಾದ ರಹಮತುಲ್ಲಾ ಗುಂಡಿ ಒತ್ತುವ ಮುನ್ನ ಹದಿನಾರು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಯನ್ನು ಕೇಳಿದನು: "ಮೇಡಂ, ಇದೇ ಫೈನಲ್ಲಾ? ಎಲ್ಲಾ ನೋಡಿದ್ರಾ?"

ಮಂದಾಕಿನಿ, ಬಂಗೇರ, ಅರಸರು ಮೂವರೂ ತೆರೆಯ ಮೇಲೆ ಬಗ್ಗಿದರು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡಿದರು. ಪ್ರಶ್ನಾರ್ಥಕ ಚಿಹ್ನೆಯ ಬಾಗನ್ನು ನೋಡಿದರು. ಗುಬ್ಬಿಯ ಕೊಕ್ಕನ್ನು ನೋಡಿದರು. ಎಲ್ಲ ನೋಡಿದೆವು ಎಂದರು.

ಮೇಳದ ಮೊದಲ ಬೆಳಿಗ್ಗೆ. ಇನ್ನೂರು ಸ್ಟಾಲುಗಳು, ಇನ್ನೂರು ಗೋಡೆಗಳು. ಒಂದೊಂದರ ಮೇಲೂ ಬಾಣಗಳು, ಮೋಡಗಳು, ಹೊಳೆಯುವ ಚಕ್ರಗಳು, ಕೈಕುಲುಕುತ್ತಿರುವ ವಿದೇಶೀಯರು, ಮತ್ತು ಅಕ್ಷರ, ಅಕ್ಷರ, ಅಕ್ಷರ. ಅವುಗಳ ನಡುವೆ, ಗದ್ದಲದ ಮನೆಯಲ್ಲಿ ಮಾತಾಡದೆ ಕುಳಿತ ಹಿರಿಯಳಂತೆ, ಭತ್ತದ ಬಣ್ಣದ ಒಂದು ಗೋಡೆ. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ ಅರಸರ ಹೆಂಡತಿ ಕೈ ಎತ್ತಿ ತೋರಿಸಿದರು; ಗುಬ್ಬಿ ಕಾಣುತ್ತಿದೆ ಎಂದರ್ಥ. ಶಾಲ್ಮಲಿ ಎಂಬ ಆ ಎಂಜಿನಿಯರ್ ತನ್ನ ಊಟದ ಚೀಲವನ್ನಿಡಲು ಕೋಣೆಯ ಬಾಗಿಲು ತೆರೆದಳು. ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ. ಬಂದಾಗ ಬಂಗೇರನ ಹತ್ತಿರ ನಿಂತು, "ಸರ್, ಹದಿನೆಂಟನೇ ಸಾಲು" ಎಂದಷ್ಟೇ ಹೇಳಿದಳು. ಬಂಗೇರನು "ಹೌದು, ಹದಿನೆಂಟು" ಎಂದನು. ಆಮೇಲೆ ಅವಳು ಮತ್ತೊಮ್ಮೆ ಒಳಗೆ ಹೋಗಿ ಫೋಟೊ ತೆಗೆದುಕೊಂಡಳು.

ಮತ್ತು ಜನ ನಿಂತರು. ಮಂದಾಕಿನಿ ನುಡಿದಿದ್ದಂತೆಯೇ ನಿಂತರು. ಮೂರು ಸೆಕೆಂಡು ನಡೆದವರು ನಾಲ್ಕನೆಯದಕ್ಕೆ ಹಿಂತಿರುಗಿದರು. ಕೆಲವರು ಗೋಡೆಗೆ ಉತ್ತರವನ್ನೇ ಹೇಳಿದರು. ಒಬ್ಬರು "ದೇವರಿಗೇ ಗೊತ್ತು" ಎಂದರು. ದಾವಣಗೆರೆಯಲ್ಲಿ ಮೆಕ್ಕೆಜೋಳದ ಐದು ಗೋಡೌನ್‌ಗಳಿರುವ ಕೊಟ್ರೇಶಪ್ಪ ಎಂಬವರು ಕುರ್ಚಿ ಎಳೆದುಕೊಂಡು ಕುಳಿತು, ತಮ್ಮ ಮಾಲು ಎಲ್ಲೆಲ್ಲಿ ಹೋಯಿತೆಂಬ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಬಂಗೇರನು ತಂದಿದ್ದ ವಿಸಿಟಿಂಗ್ ಕಾರ್ಡುಗಳೆಲ್ಲ ಖಾಲಿಯಾದವು. ಸಭಾಂಗಣದ ಆಚೆ ಬದಿಯಲ್ಲಿ ನಿಂತು ಈ ದೃಶ್ಯವನ್ನು ನೋಡುತ್ತಿದ್ದ ಮಂದಾಕಿನಿಯ ಎದೆಯು ಹುಣ್ಣಿಮೆಯ ಕಡಲಿನಂತೆ ಉಕ್ಕಿತು. ಇನ್ನೂರ ಹದಿಮೂರನೆಯದು, ಎಂದುಕೊಂಡಳು, ಇದೇ ನನ್ನ ಅತ್ಯುತ್ತಮ ಗೋಡೆ.

ಆಗ ಕೊಟ್ರೇಶಪ್ಪನವರು ಎದ್ದು ನಿಂತು, ಗೋಡೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡಿ ಕೇಳಿದರು:

"ಬೋರ್ಡು ಚಲೋ ಐತ್ರಿ. ಫೋನ್ ನಂಬರ್ ಎಲ್ಲೈತಿ?"

ಬಂಗೇರನು ತಿರುಗಿ ಗೋಡೆಯನ್ನು ನೋಡಿದನು. ಅರಸರು ನೋಡಿದರು. ಆಚೆ ಬದಿಯಿಂದ ಮಂದಾಕಿನಿ ನೋಡಿದಳು. ಹದಿಮೂರು ದಿನಗಳ ಯುದ್ಧ, ಇಪ್ಪತ್ಮೂರು ಕರಡುಗಳು, ಒಂದು ವ್ರತ, ಒಂದು ವಚನ, ಒಂದು ಮಾಯಾಯುದ್ಧ ಮತ್ತು ಅದರ ಪ್ರಾಯಶ್ಚಿತ್ತ, ಇಷ್ಟೆಲ್ಲದರ ನಡುವೆ ಫೋನ್ ನಂಬರ್ ಹಾಕಬೇಕೆಂಬುದು ಮೂವರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

"ವೆಬ್‌ಸೈಟ್ ಉಂಟು ಸರ್, ಟೇಬಲಿನ ಮುಂಬದಿ ಕೆಳಗಡೆ ಬರೆದದ್ದು," ಎಂದನು ಬಂಗೇರ.

"ಅದ್ ತಗಂಡು ನಾನೇನ್ ಮಾಡ್ಲಿ? ನಂಬರ್ ಕೊಡ್ರಿ. ಫೋನ್ ಹಚ್ತೀನಿ."

ಮಂದಾಕಿನಿ ಸಭಾಂಗಣವನ್ನು ದಾಟಿ ಬಂದಳು. ಪಕ್ಕದ ಸ್ಟಾಲಿನ ಎಲೆಕ್ಟ್ರಿಷಿಯನ್ನನಿಂದ ಕಪ್ಪು ಮಾರ್ಕರನ್ನೂ ಕಂದು ಟೇಪನ್ನೂ ಎರವಲು ಪಡೆದಳು. ಮೇಳದ ನಿಯಮಾವಳಿ ಎಂದು ಎಲ್ಲರಿಗೂ ಹಂಚಿದ್ದ ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿ, ಮೇಜಿನ ಮೇಲಿಟ್ಟು, ಬಂಗೇರನು ಹೇಳಿದ ಹತ್ತು ಅಂಕಿಗಳನ್ನು ಬರೆದಳು. ಹದಿನಾರು ವರ್ಷ ಬೇರೆಯವರು ಕಡೆದ ಅಕ್ಷರಗಳನ್ನು ಜೋಡಿಸಿದವಳಾದ್ದರಿಂದ ಆಕೆಯ ಸ್ವಂತ ಕೈಬರಹ ಶಾಲೆ ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು. ಆ ಹಾಳೆಯನ್ನು ತನ್ನ ಅತ್ಯುತ್ತಮ ಗೋಡೆಯ ಮೇಲೆ, ಅತ್ಯಂತ ಖಾಲಿಯಾದ, ಅತ್ಯಂತ ಶುಭ್ರವಾದ ಜಾಗದಲ್ಲಿ, ನಾಲ್ಕು ಮೂಲೆಗೂ ಕಂದು ಟೇಪು ಹಚ್ಚಿ ಅಂಟಿಸಿದಳು. ಅದು ಸೊಟ್ಟಗಿತ್ತು. ಕಿತ್ತು ಸರಿಮಾಡಲು ಹೋದರೆ ಬಟ್ಟೆಯ ಬಣ್ಣ ಏಳುತ್ತಿತ್ತು. ಹಾಗೆಯೇ ಬಿಟ್ಟಳು.

ಕೊಟ್ರೇಶಪ್ಪನವರು ಹಾಳೆಯ ಫೋಟೊ ತೆಗೆದುಕೊಂಡರು. ಅವರ ಹಿಂದೆ ನಿಂತವರೂ ತೆಗೆದುಕೊಂಡರು. ಮೇಳದ ಮೂರು ದಿನಗಳಲ್ಲಿ ಆ ಸ್ಟಾಲಿನ ಎದುರು ಮೇಲೆತ್ತಿದ ಫೋನುಗಳು ನೂರಕ್ಕೂ ಹೆಚ್ಚು. ಗೋಡೆಯು ಪೂರ್ತಿಯಾಗಿ ಕಾಣುವ ಫೋಟೊ ತೆಗೆದವಳು ಮಂದಾಕಿನಿಯೊಬ್ಬಳೇ.

ನಾಲ್ಕನೆಯ ಅಂಕಿಯಾದ ಏಳು ನೋಡುವವರಿಗೆ ಒಂದರಂತೆ ಕಾಣುತ್ತದೆಂದು ಬಂಗೇರನು ಗಮನಿಸಿದ್ದು ಮಾರನೆಯ ದಿನ. ಅಷ್ಟರಲ್ಲಿ ಇಬ್ಬರು ಗೋಡೌನ್ ಮಾಲೀಕರು ಹಾಸನದ ಒಬ್ಬ ದಂತವೈದ್ಯರಿಗೆ ಫೋನ್ ಮಾಡಿದ್ದರು. ಅವರಲ್ಲಿ ಒಬ್ಬರು ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.